ಪೂರಿ ಬರುವ ತನಕ

ಕರೆಪ್ಪ ಅಂಗಳದ ಮೂಲೆಯಲ್ಲಿ ಕಬ್ಬಿನ ಒಣ ಗರಿಯ ರವದಿಗೆ ಬೆಂಕಿ ಹಚ್ಚಿ ಹಲಗೆ ಕಾಸುತ್ತಿದ್ದ. ಚರ್ಮ ಬಿಗಿಯಾಯಿತೋ ಇಲ್ಲವೋ ಎಂದು ಬೆರಳಿನಿಂದ ಒಮ್ಮೆ ಮೆಲ್ಲಗೆ ತಟ್ಟಿದ. ಪಡಸಾಲೆಯಲ್ಲಿ ಅಪ್ಪನ ಹೆಣದ ತಲೆದೆಸೆಗೆ ಕುಳಿತಿದ್ದ ದೀಪಾ ಅಷ್ಟಕ್ಕೇ ಎದ್ದು ಬಂದಳು.

"ದೊಡ್ಡಪ್ಪ, ಅದನ್ನ ಕೆಳಗ ಇಡ್ರಿ."

"ಯಾಕವಾ?"

"ಅಪ್ಪ ಬ್ಯಾಡ ಅಂದಾನ. ನನ್ನ ಹೆಣದ ಮುಂದ ಹಲಗಿ ಬಡೀಬಾರ್ದು ಅಂತ ನನ್ನ ಕಡೆ, ಅವ್ವನ ಕಡೆ ಆಣಿ ತಗೊಂಡಾನ."

"ಆಣಿ ತಗೊಂಡಾನ!" ಕರೆಪ್ಪ ಹಲಗೆಯನ್ನು ಎದೆಗೆ ಅವಚಿಕೊಂಡ. "ಊರಾಗಿನ ಹೆಣಕ್ಕೆಲ್ಲಾ ಬಡದೇನಿ. ಗೌಡಗ ಬಡದೇನಿ, ಗೌಡನ ಎತ್ತಿಗೂ ಬಡದೇನಿ. ನನ್ನ ಬೆನ್ನಿಗೆ ಬಿದ್ದಾಂವಗ ಮಾತ್ರ ಬಡೀಬಾರ್ದಂತ. ಅಂವ ಸಾಲಿ ಕಲ್ತದ್ದು ಯಾತರ ಮ್ಯಾಲ? ಈ ಚರ್ಮದ ಮ್ಯಾಲ!"

ಅಣ್ಣ ತಮ್ಮ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ನಿನ್ನೆ ಸುದ್ದಿ ಮುಟ್ಟಿದಾಗ ಕರೆಪ್ಪ ಹಲಗೆಯೊಂದನ್ನು ಹೆಗಲಿಗೆ ಹಾಕಿಕೊಂಡು ಊರಿನಿಂದ ಮೂಡಲಗಿಯ ಬಸ್ಸು ಹತ್ತಿದ್ದ. ಬಾಯಿಬಿಟ್ಟು ತಪ್ಪಾಯಿತೆನ್ನುವ ಕಾಲ ಮುಗಿದಿತ್ತು. ತಮ್ಮನಿಗೆ ಕೊಡಲು ಅವನಲ್ಲಿ ಇನ್ನು ಇದ್ದದ್ದು ಅದೊಂದೇ.

* * *

ಕರೆಪ್ಪನ ತಮ್ಮ ದುರ್ಗಪ್ಪ ಬಸ್ಸಿನ ಡ್ರೈವರನಾಗಿದ್ದ. ಆ ಮನುಷ್ಯನ ಹುಚ್ಚು ಒಂದೆರಡಲ್ಲ. ಬೆಳಗಾಗೆದ್ದು ಹಾರ್ಮೋನಿಯಂ ಪೇಟಿ ಹಿಡಿದು ಕೂತರೆ ಓಣಿಗೆ ಓಣಿಯೇ ಎಚ್ಚರ. ಕೊಣ್ಣೂರಿನ ಮಾಸ್ತರರ ಹತ್ತಿರ ಹೋಗಿ ಹೋಗಿ ಕಲಿತದ್ದು, ಆದರೂ ಸ್ವರ ಕಡೆತನಕ ಅವನ ಮಾತು ಕೇಳಲಿಲ್ಲ.

"ಇವತ್ತರ ನಿಮ್ಮ ರಾಗ ಊರು ಮುಟ್ಟತೈತ್ಯೋ, ಹಾದ್ಯಾಗ ಪಂಚರ್ ಆಗತೈತ್ಯೋ?" ಎಂದು ಹೆಂಡತಿ ಸತ್ತೆವ್ವ ಕಾಡಿಸುತ್ತಿದ್ದಳು.

"ಹಲಗಿ ಬಡಿದ ಕೈ ಐತೆಲೇ ಇದು. ತಿದ್ದಾಕ ಟೈಮ್ ಹಿಡೀತೈತಿ," ಎನ್ನುತ್ತಿದ್ದ. ಪೇಟಿಯ ಮೇಲೆ ಕೈ ಇಟ್ಟುಕೊಂಡೇ ನಿನ್ನೆ ಎದೆ ಹಿಡಿದು ಒರಗಿದ, ಪಾಪ.

ರವಿವಾರ ಬಂತೆಂದರೆ ಸತ್ತೆವ್ವನಿಗೆ ಒಲೆ ಹಚ್ಚುವ ಕೆಲಸವಿಲ್ಲ. ಗಂಡ ಹೆಂಡತಿ ಬಸ್ ಸ್ಟ್ಯಾಂಡಿನ ಬಾಜೂ ಇದ್ದ ಶಿದ್ಲಿಂಗಪ್ಪನ ಹೋಟೆಲಿಗೆ ಹೋಗಿ, ಗಲ್ಲಾಕ್ಕೆ ಹತ್ತಿದ ಮೊದಲನೇ ಟೇಬಲ್ಲಿಗೇ ಕೂಡಬೇಕು. ಶಿದ್ಲಿಂಗಪ್ಪನೂ ಅವರ ಊರಿನವನೇ. ಅವನ ಅಪ್ಪ ಗಲ್ಲಾದ ಮೇಲೆ ಕೂಡುತ್ತಿದ್ದಾಗ ಊರಿನಿಂದ ಬಂದ ದುರ್ಗಪ್ಪನ ಓಣಿಯವರಿಗೆ ಚಹಾ ಹೊರಗೇ. ಅವರ ಕಪ್ಪುಗಳಿಗೆ ಗೋಡೆಯಲ್ಲಿ ಬೇರೆ ಗೂಡು. ಈಗ ದುರ್ಗಪ್ಪ ಅಲ್ಲೇ ಕೂತು ಪೇಪರನ್ನು ಗಟ್ಟಿಯಾಗಿ ಓದಿ, ಗೋಕಾಕದಲ್ಲಿ ಯಾರ ಗಾಳಿ, ಹುಕ್ಕೇರಿಯಲ್ಲಿ ಯಾರ ಗಾಳಿ ಎಂದು ಕಂಡವರ ಜೋಡಿ ಜಗಳ ತೆಗೆಯುತ್ತಿದ್ದ.

"ಸಾಕ್ರಿ ನಿಮ್ಮ ರಾಜಕಾರಣ," ಎಂದರೆ, "ಇಲ್ಲಿ ಕುಂತು ಪೂರಿ ತಿನ್ನೂದ ನನ್ನ ರಾಜಕಾರಣ," ಎಂದು ನಗುತ್ತಿದ್ದ.

ಪೂರಿ ಬರುವ ತನಕ ಮಾತ್ರ ಅವನ ಬೆರಳುಗಳು ಕಲ್ಲಿನ ಟೇಬಲ್ಲಿನ ಮೇಲೆ ತಾವೇ ಬಡಿದುಕೊಳ್ಳುತ್ತಿದ್ದವು. ಅದು ಪೇಟಿಯ ನಡಿಗೆಯಲ್ಲ. ಅಪ್ಪ ಕಲಿಸಿದ ಹಲಗೆಯ ಬಡಿತ. ಸತ್ತೆವ್ವ ಅವನ ಕೈ ಮೇಲೆ ಕೈಯಿಟ್ಟು ನಿಲ್ಲಿಸುತ್ತಿದ್ದಳು. ಕದಿಯುತ್ತ ಸಿಕ್ಕವನ ಹಾಗೆ ಅವನು ಆ ಕೈಯನ್ನು ಕಿಸೆಯೊಳಗೆ ಇಳಿಸುತ್ತಿದ್ದ.

* * *

ಗದ್ದಲ ಕೇಳಿ ಸತ್ತೆವ್ವ ಹೊರಗೆ ಬಂದಳು. ಅತ್ತೂ ಅತ್ತೂ ಅವಳ ದನಿ ಕುಂದಿತ್ತು.

"ಭಾವಾ, ಇಡ್ರಿ. ಅವ್ರು ಇದ್ದಾಗ ಅವರ ಒಂದು ಮಾತೂ ನೆಟ್ಟಗ ನಡಸಲಿಲ್ಲ ನಾ. ಇದೊಂದ್ ನಡಸ್ತೇನಿ."

ಕರೆಪ್ಪ ಬೆಂಕಿಗೆ ನೀರು ಸುರಿದ.

ಹೆಣ ಎತ್ತಿದರು. ಹಲಗೆಯಿಲ್ಲ, ತಾಳವಿಲ್ಲ, ಬರೀ ಚಪ್ಪಲಿಯ ಸಪ್ಪಳ. ಕಬ್ಬು ಹೇರಿದ ಟ್ರ್ಯಾಕ್ಟರೊಂದು ಸಿನೆಮಾ ಹಾಡು ಹಚ್ಚಿಕೊಂಡು ಎದುರಿಗೆ ಬಂತು. ಹೆಣ ಕಂಡರೂ ಅದನ್ನು ಓಡಿಸುತ್ತಿದ್ದ ಹುಡುಗ ದನಿ ಇಳಿಸಲಿಲ್ಲ. ಇಳಿಸುವುದಕ್ಕೆ ಇದು ಹೆಣದ ಮೆರವಣಿಗೆ ಎಂದು ಹೇಳುವ ಸದ್ದಾದರೂ ಬೇಕಲ್ಲ! ಮೂಕ ಹಲಗೆಯನ್ನು ಹೆಗಲಿಗೆ ಹಾಕಿಕೊಂಡು ಎಲ್ಲರ ಹಿಂದೆ ನಡೆದಿದ್ದ ಕರೆಪ್ಪನಿಗೆ ಆ ಹಾಡಿಗೆ ಕಲ್ಲೆಸೆಯುವಷ್ಟು ಸಿಟ್ಟು ಬಂತು.

* * *

ನಿವೃತ್ತಿಯಾದ ಮೇಲೆ ದುರ್ಗಪ್ಪ ಪುರಸಭೆಯ ಚುನಾವಣೆಗೆ ನಿಂತ. ಸೋತ. ಮರುದಿನ ಸಮಾಧಾನ ಹೇಳಲು ಬಂದ ಅಣ್ಣನನ್ನು ಅದೇ ಹೋಟೆಲಿಗೆ ಕರೆದೊಯ್ದ.

ಅವನು ಕೈ ತೊಳೆದು ಬರುವಷ್ಟರಲ್ಲಿ ಕರೆಪ್ಪ ಪೂರಿಯ ತಾಟು ಹಿಡಿದು ಹೊಸ್ತಿಲ ಬದಿಯ ನೆಲದ ಮೇಲೆ ಕೂತಿದ್ದ. ಅಲ್ಲಿ ಕೂಡ್ರು ಎಂದು ಯಾರೂ ಅಂದಿರಲಿಲ್ಲ. ಊರಿನ ಧಣಿ ಶಿದ್ಲಿಂಗಪ್ಪ ಗಲ್ಲಾದ ಮೇಲಿದ್ದ, ಕಾಲುಗಳು ತಾವೇ ಮಡಚಿದ್ದವು, ಅಷ್ಟೆ.

ದುರ್ಗಪ್ಪ ತಾಟಿಗೆ ಒದ್ದ.

"ಏಳೋ ಮ್ಯಾಲ! ನನ್ನ ಸೋಲಿಸಿದಾವ್ರು ಅವ್ರಲ್ಲ, ನೀ! ನಿನ್ನಂಥಾವ್ರು!"

ಯಾರೋ ನಕ್ಕರು. ಕರೆಪ್ಪ ನೆಲದ ಮೇಲಿನ ಭಾಜಿ ಬಳಿದ, ತಾಟು ತೊಳೆದ, ಬೋರಲು ಹಾಕಿಟ್ಟು ಹೊರಟುಹೋದ. ಆಮೇಲೆ ತಮ್ಮನ ಮನೆಯ ಹೊಸ್ತಿಲು ತುಳಿದದ್ದು ಅವನು ಸತ್ತ ಮೇಲೆಯೇ.

* * *

ಮಣ್ಣು ಮುಗಿಯಿತು. ಅಪ್ಪ ನಂಬಿದ್ದ ಬುದ್ಧನ ತ್ರಿಶರಣ ಹೇಳಿ ಮುಗಿಸುವಾಗ ದೀಪಾಳ ದನಿ ಒಡೆಯಿತು. ಸತ್ತ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಚಹಾ ಕುಡಿದು ಹೋಗೋಣವೆಂದು ಎಲ್ಲರೂ ಶಿದ್ಲಿಂಗಪ್ಪನ ಹೋಟೆಲಿಗೆ ಬಂದರು. ಮೊದಲನೇ ಟೇಬಲ್ಲಿನಲ್ಲಿ ಮಾತ್ರ ಯಾರೂ ಕೂಡಲಿಲ್ಲ.

ಕರೆಪ್ಪ ಹೊಸ್ತಿಲ ಹೊರಗೇ ನಿಂತಿದ್ದ. ಅವ್ವ ಹೇಳಿದ್ದ ಆ ದಿನದ ಕತೆ ದೀಪಾಳಿಗೆ ನೆನಪಾಯಿತು.

"ದೊಡ್ಡಪ್ಪ, ಬರ್ರಿ. ಅಪ್ಪನ ಜಾಗಾ ಖಾಲಿ ಐತಿ."

ಅವನು ಹಲಗೆಯನ್ನು ಹೊರಗೋಡೆಗೆ ಆನಿಸಿಟ್ಟು ಒಳಗೆ ಬಂದ. ಕುರ್ಚಿಯನ್ನು ಎಳೆದು, ಒಮ್ಮೆ ಗಲ್ಲಾದ ಕಡೆ ನೋಡಿ, ಕೂತ.

"ಏನ್ ಕೊಡ್ಲಿ ಕರೆಪ್ಪ?" ಶಿದ್ಲಿಂಗಪ್ಪ ಕೇಳಿದ.

"ಅಂವ ತಿಂತಿದ್ನಲ್ಲ, ಅದ."

ನೀರು ಬಂತು, ಉಳ್ಳಾಗಡ್ಡಿಯ ಬಟ್ಟಲು ಬಂತು, ಪೂರಿ ಇನ್ನೂ ಬಂದಿರಲಿಲ್ಲ. ಕರೆಪ್ಪನ ಬೆರಳು ಕಲ್ಲಿನ ಮೇಲೆ ಒಮ್ಮೆ ತಟ್ಟಿತು. ಮತ್ತೊಮ್ಮೆ. ಆಮೇಲೆ ಎರಡೂ ಕೈ ಕೂಡಿದವು. ಹೆಣದ ಮುಂದಿನ ಬಡಿತ ಹೋಟೆಲಿನ ತುಂಬ ಎದ್ದಿತು. ಬಾಯಿಗೆ ಹೋಗುತ್ತಿದ್ದ ತುತ್ತುಗಳು ನಿಂತವು. ತನ್ನ ಅಪ್ಪನ ಹೆಣದ ಮುಂದೆ ಇದೇ ಕೈಗಳು ಬಡಿದದ್ದನ್ನು ಶಿದ್ಲಿಂಗಪ್ಪ ಗುರುತಿಸಿದ.

"ಕರೆಪ್ಪ, ಮಂದಿ ಉಣ್ಣಾಕತ್ತಾರ. ಇಲ್ಲಿ ಬ್ಯಾಡೋ."

ಕರೆಪ್ಪ ತಲೆ ಎತ್ತಲಿಲ್ಲ. ಅವನ ಕಣ್ಣೀರು ಕೈಗಳ ನಡುವೆ ಬೀಳುತ್ತಿತ್ತು.

"ನೀನರ ಹೇಳವಾ ದೀಪಾ," ಎಂದ ಶಿದ್ಲಿಂಗಪ್ಪ.

ದೀಪಾ ಕೈ ಚಾಚಿದಳು. ಅವ್ವ ಅಪ್ಪನ ಕೈ ಮೇಲೆ ಕೈ ಇಡುತ್ತಿದ್ದದ್ದು ಹೀಗೆಯೇ. ಆದರೆ ಅವಳು ನೀರಿನ ಲೋಟ ಎತ್ತಿದಳು, ಉಳ್ಳಾಗಡ್ಡಿಯ ಬಟ್ಟಲು ಎತ್ತಿದಳು, ಎರಡನ್ನೂ ಪಕ್ಕದ ಟೇಬಲ್ಲಿಗೆ ಇಟ್ಟು, ದೊಡ್ಡಪ್ಪನ ಕೈಗಳಿಗೆ ಜಾಗ ಮಾಡಿಕೊಟ್ಟಳು.