ಮೇಲಿನ ದವಡೆ, ಕೆಳಗಿನ ದವಡೆ

ಲ್ಯಾಪ್‌ಟಾಪ್ ಬೇಕಾಗಿದ್ದದ್ದು ಪುಟ್ಟಿಗೆ. ದುಡ್ಡು ಪುಟ್ಟಿಯದು. ಅದರ ಮುಂದೆ ಕೂತು ಕಣ್ಣು ಕೆಂಪು ಮಾಡಿಕೊಳ್ಳಬೇಕಾದವಳೂ ಪುಟ್ಟಿಯೇ. ಆದರೆ ಅಂಗಡಿಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದವನು ಅವಳ ಅಣ್ಣ. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು: ವೈರು ಇರುವ ಯಾವ ಸಾಮಾನು ತರಬೇಕಾದರೂ ಅಣ್ಣ ಮುಂದೆ, ಉಳಿದವರು ಹಿಂದೆ. ಮಿಕ್ಸಿ ಅವನ ಆಯ್ಕೆ, ಫ್ರಿಜ್ ಅವನ ಆಯ್ಕೆ. ವೈರಿಲ್ಲದಿದ್ದರೂ ಪುಟ್ಟಿಯ ಗಂಡನೂ ಅವನ ಆಯ್ಕೆಯೇ. ಅದೊಂದು ಮಾತ್ರ ಹೇಗೋ ಕೆಡದೆ ನಡೆಯುತ್ತಿತ್ತು. ಮೂವತ್ತೆಂಟು ತುಂಬಿದ ಹೆಂಗಸನ್ನು ಇನ್ನೂ ಪುಟ್ಟಿ ಎಂದು ಕರೆಯುವವರ ಹತ್ತಿರ ಇನ್ನೇನು ನಿರೀಕ್ಷಿಸುವುದು.

ಗಾಜಿನ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್ ಇದ್ದವು. ಬೆಲೆ ಹೆಚ್ಚುಕಮ್ಮಿ ಒಂದೇ. ಮೊದಲನೆಯದರಲ್ಲಿ ಪ್ರೊಸೆಸರ್ ದೊಡ್ಡದು, ರ‍್ಯಾಮ್ ಎಂಟು ಜಿಬಿ. ಎರಡನೆಯದರಲ್ಲಿ ಪ್ರೊಸೆಸರ್ ಮಧ್ಯಮ, ರ‍್ಯಾಮ್ ಮೂವತ್ತೆರಡು.

"ನಂಗೆ ಎರಡನೇದು ಕೊಡಿ," ಎಂದಳು ಪುಟ್ಟಿ.

ಅಂಗಡಿಯವನು ಅಣ್ಣನ ಮುಖ ನೋಡಿದ.

"ಪ್ರೊಸೆಸರ್ ಅಂದ್ರೆ ಮೆದುಳು ಕಣೆ," ಎಂದ ಅಣ್ಣ. "ಮೆದುಳೇ ಚಿಕ್ಕದಾದ್ರೆ ಮಿಕ್ಕಿದ್ದು ಎಷ್ಟಿದ್ದು ಏನು ಪ್ರಯೋಜನ?"

"ಕರೆಕ್ಟಾಗಿ ಹೇಳಿದ್ರಿ ಸರ್."

ಪುಟ್ಟಿಗೆ ಮೈಯೆಲ್ಲ ಉರಿಯಿತು. ಐದು ವರ್ಷದ ಹಿಂದೆ ಹಳೇ ಲ್ಯಾಪ್‌ಟಾಪ್ ತರುವಾಗಲೂ ಇದೇ ಮೆದುಳಿನ ಭಾಷಣ ಕೇಳಿದ್ದಳು. ಅಂದು ತಲೆಯಾಡಿಸಿದ್ದಕ್ಕೆ ಇಂದಿಗೂ ಅನುಭವಿಸುತ್ತಿದ್ದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವುದು ಇಂಥ ಯಂತ್ರಗಳಿಗೇ ಸರಿ.

ಅವಳ ಕೆಲಸ ಹಲ್ಲು ಮಾಡುವುದು. ದಂತವೈದ್ಯರು ರೋಗಿಯ ಬಾಯಿ ಸ್ಕ್ಯಾನ್ ಮಾಡಿ ಲ್ಯಾಬಿಗೆ ಕಳಿಸುತ್ತಾರೆ. ಲ್ಯಾಬಿನಿಂದ ಅದು ಪುಟ್ಟಿಗೆ ಬರುತ್ತದೆ. ಅವಳು ಮನೆಯಲ್ಲೇ ಕೂತು, ಹಾಳಾದ ಹಲ್ಲಿನ ಮೇಲೆ ಕೂರಬೇಕಾದ ಕ್ಯಾಪನ್ನು ಪರದೆಯ ಮೇಲೆ ಒಂದೊಂದು ಉಬ್ಬು, ಒಂದೊಂದು ತಗ್ಗು ತೀಡಿ ರೂಪಿಸಿ ಕಳಿಸಿದರೆ, ಅಲ್ಲಿ ಯಂತ್ರ ಅದನ್ನು ಕೊರೆದು ತೆಗೆಯುತ್ತದೆ. ಇದಕ್ಕೆ ಮೇಲಿನ ದವಡೆ, ಕೆಳಗಿನ ದವಡೆ ಎರಡೂ ಒಟ್ಟಿಗೆ ಕಣ್ಣೆದುರಿಗಿರಬೇಕು. ಹಳೇ ಲ್ಯಾಪ್‌ಟಾಪಿನ ಎಂಟು ಜಿಬಿ ರ‍್ಯಾಮಿಗೆ ಒಂದು ದವಡೆಯೇ ಹೊಟ್ಟೆಬಿರಿ ಊಟ. ಎರಡನೆಯದನ್ನು ತೆರೆದ ಕೂಡಲೇ ಪರದೆ ಕಲ್ಲಾಗಿ ನಿಲ್ಲುತ್ತಿತ್ತು. ಅವಳು ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದು, ನೆನಪಿನ ಮೇಲೆ ಅಂದಾಜು ಹಾಕುತ್ತಿದ್ದಳು. ಅಂದಾಜು ಕೂದಲೆಳೆಯಷ್ಟು ತಪ್ಪಿದರೂ ಬಾಯಿಗೆ ಅದು ಅನ್ನದೊಳಗಿನ ಕಲ್ಲು.

ಲ್ಯಾಬಿನ ಒಡತಿ ಮೊನ್ನೆ ಖಡಾಖಂಡಿತವಾಗಿ ಹೇಳಿದ್ದಳು: "ಸೋಮವಾರದಿಂದ ಪೂರ್ತಿ ಬಾಯಿ ಕೆಲಸ ಬರುತ್ತೆ. ಎರಡೂ ದವಡೆ ತೆರೆಯೋ ಮಷೀನ್ ಇದ್ರೆ ನಿಂಗೇ ಕೊಡ್ತೀನಿ. ಇಲ್ಲಾಂದ್ರೆ ಇರೋ ಕೆಲಸಾನೂ ಬೇರೆಯವರಿಗೆ ಕೊಡಬೇಕಾಗುತ್ತೆ, ಬೇಜಾರು ಮಾಡ್ಕೋಬೇಡ."

"ನೀವೇ ನೋಡಿ," ಎಂದು ಪುಟ್ಟಿ ಪೆನ್‌ಡ್ರೈವ್ ತೆಗೆದು ಅಣ್ಣನ ಮೆದುಳಿನ ಯಂತ್ರಕ್ಕೆ ಚುಚ್ಚಿದಳು. ಅದರಲ್ಲಿದ್ದದ್ದು ಲ್ಯಾಬಿನವರು ಅಭ್ಯಾಸಕ್ಕೆಂದು ಕೊಟ್ಟಿದ್ದ ಒಂದು ಬಾಯಿಯ ಸ್ಕ್ಯಾನ್, ಜೊತೆಗೆ ಅದನ್ನು ತೆರೆಯುವ ಸಾಫ್ಟ್‌ವೇರ್. ಮೇಲಿನ ದವಡೆ ಚಕ್ಕನೆ ಬಂತು. ಅಣ್ಣ ಹುಬ್ಬು ಹಾರಿಸಿದ. ಕೆಳಗಿನ ದವಡೆ ಅರ್ಧ ಮೂಡಿ ಅಲ್ಲೇ ನಿಂತಿತು. ಮೂವರೂ ಕಾದರು. ಎಷ್ಟು ಕಾದರೂ ಉಳಿದರ್ಧ ಬರಲಿಲ್ಲ.

"ರ‍್ಯಾಮ್ ತಾನೆ? ಆಮೇಲೆ ಹಾಕಿಸಿದ್ರಾಯ್ತು," ಎಂದ ಅಣ್ಣ.

"ಇದಕ್ಕೆ ಆಮೇಲೆ ಹಾಕಿಸೋಕೆ ಆಗುತ್ತಾ?" ಎಂದು ಪುಟ್ಟಿ ಅಂಗಡಿಯವನನ್ನು ಕೇಳಿದಳು.

ಅವನು ಗಂಟಲು ಸರಿಮಾಡಿಕೊಂಡ. "ಈ ಮಾಡೆಲ್‌ನಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಬದಲಾಯಿಸೋಕೆ ಬರಲ್ಲ, ಸರ್."

ಕೇಳಿದವಳು ಅವಳು, ಉತ್ತರ ಸರ್‌ಗೆ.

ಅಣ್ಣನಿಗೆ ಈಗ ಸೋಲೊಪ್ಪಿಕೊಳ್ಳುವ ದಾರಿ ಚೆನ್ನಾಗಿಯೇ ತೆರೆದಿತ್ತು. ಅವನು ಅತ್ತ ತಿರುಗಿಯೂ ನೋಡಲಿಲ್ಲ. "ಒಂದೊಂದೇ ದವಡೆ ತೆಗೆದು ಮಾಡು. ಇಷ್ಟು ದಿನ ಮಾಡ್ಲಿಲ್ವಾ? ಕೂತು ಮೌಸ್ ಆಡಿಸೋ ಕೆಲಸಕ್ಕೆ ಅಷ್ಟೆಲ್ಲಾ ಯಾಕೆ?" ಎಂದು, ನಾಲಗೆಯಿಂದ ಎಡಗೆನ್ನೆಯನ್ನು ಒಳಗಿನಿಂದ ಒತ್ತಿಕೊಂಡ. ಒಂದು ತಿಂಗಳಿಂದ ಅವನದು ಅದೇ ಚಾಳಿ. ಬರುವ ದಾರಿಯುದ್ದಕ್ಕೂ ಅದೇ ಪುರಾಣ: ಹೊಸದಾಗಿ ಹಾಕಿಸಿದ ಕ್ಯಾಪ್ ಎತ್ತರ, ಡಾಕ್ಟರು ಎರಡು ಸಲ ಉಜ್ಜಿದರೂ ಎತ್ತರ, ಬಲಗಡೆಯಲ್ಲೇ ಅಗಿದು ಅಗಿದು ತಲೆನೋವು.

ಆ ಪುರಾಣ ಕೇಳಿದಾಗಲೆಲ್ಲ ಪುಟ್ಟಿ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಸ್ಕ್ಯಾನಿನಲ್ಲಿ ಹೆಸರಿರುವುದಿಲ್ಲ, ನಂಬರು ಮಾತ್ರ. ಆದರೆ ಅಣ್ಣನ ಆ ಮೂಲೆ ಮುರಿದ ಮುಂದಿನ ಹಲ್ಲನ್ನು ಅವಳು ಎಲ್ಲಿದ್ದರೂ ಗುರುತಿಸಿಯಾಳು. ಏಳನೇ ವಯಸ್ಸಿನಲ್ಲಿ ಉಯ್ಯಾಲೆಯ ಮಣೆ ಬೀಸಿ ಅದನ್ನು ಮುರಿದವಳೇ ಅವಳು. ಗುರುತಿಸಿದ ಮೇಲೆ ಅವನ ಕ್ಯಾಪನ್ನು ಎಂದಿಗಿಂತ ಹೆಚ್ಚು ಮುತುವರ್ಜಿಯಿಂದ ಮಾಡಿದ್ದಳು. ಹಳೇ ಯಂತ್ರದ ಮುಂದೆ ಆ ಮುತುವರ್ಜಿ ನಡೆದಿರಲಿಲ್ಲ. ನಾಚಿಕೆಯಿಂದ ಒಂದು ತಿಂಗಳು ತುಟಿ ಬಿಚ್ಚಿರಲಿಲ್ಲ. ಈಗ ನಾಚಿಕೆಗಿಂತ ಸಿಟ್ಟು ದೊಡ್ಡದಾಯಿತು.

"ಅಣ್ಣಾ, ಆ ಎಡಗಡೆ ಕ್ಯಾಪ್ ಮಾಡಿದ್ದು ನಾನು."

ನಾಲಗೆ ಕೆನ್ನೆಯಲ್ಲೇ ನಿಂತಿತು.

"ನೀನು ಹೇಳಿದ ಹಾಗೇ ಮಾಡಿದ್ದು. ಒಂದೊಂದೇ ದವಡೆ ತೆಗೆದು. ಎರಡೂ ಒಟ್ಟಿಗೆ ತೆರೆಯೋಕೆ ಆಗಲ್ಲವಲ್ಲ, ನೀನು ಆರಿಸಿಕೊಟ್ಟ ಲ್ಯಾಪ್‌ಟಾಪಲ್ಲಿ. ಒಂದು ತಿಂಗಳಿಂದ ನಿನ್ನ ಆಯ್ಕೇನ ನೀನೇ ಅಗೀತಿದೀಯ. ಹೇಗಿದೆ?"

ಅಣ್ಣ ಏನೋ ಹೇಳಲು ಬಾಯಿ ತೆರೆದ. ಮುಚ್ಚುವಾಗ ಎಡಗಡೆಯ ಹಲ್ಲು ಮೊದಲು ತಾಗಿ ಮುಖ ಕಿವುಚಿತು. ಅವಳು ಅದನ್ನು ಕಣ್ಣಾರೆ ಕಂಡಳು.

ಅಂಗಡಿಯವನು ಒಮ್ಮೆ ಕುರ್ಚಿಯ ಕಡೆ ನೋಡಿದ, ಒಮ್ಮೆ ನಿಂತವಳ ಕಡೆ ನೋಡಿದ. "ಯಾವುದು ಪ್ಯಾಕ್ ಮಾಡ್ಲಿ, ಮೇಡಂ?"

"ಆಗಲೇ ಹೇಳಿದೆನಲ್ಲ, ಎರಡನೇದು."

ಪೆಟ್ಟಿಗೆಯನ್ನು ಎತ್ತಿಕೊಳ್ಳಲು ಅಣ್ಣ ಅಭ್ಯಾಸಬಲದಿಂದ ಕೈ ಚಾಚಿದ. ಪುಟ್ಟಿ ತಾನೇ ತೆಗೆದುಕೊಂಡಳು.

"ನಾಳೆ ಹೋಗಿ ಆ ಕ್ಯಾಪ್ ತೆಗೆಸು," ಎಂದಳು, ಅವನ ಮುಖ ನೋಡದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ. "ಮತ್ತೆ ಸ್ಕ್ಯಾನ್ ಕಳಿಸೋಕೆ ಹೇಳು. ಮುರಿದ ಹಲ್ಲು ಕಂಡರೆ ನಿಂದೇ ಅಂತ ಗೊತ್ತಾಗುತ್ತೆ ನಂಗೆ."