ಒಲೆ ಕೆಂಪಾದ ಸಂಜೆ

ನಾನು ಬೇಕರಿಯಲ್ಲಿ ಭಟ್ಟಿ ನೋಡಿಕೊಳ್ಳುವವಳು. ಇಪ್ಪತ್ತೆರಡು ವರ್ಷದಿಂದ ಬೆಂಕಿಯ ಮುಂದೆ ನಿಂತಿದ್ದೇನೆ. ಮನೆಗೆ ಬಂದ ಮೇಲೆ ಬೆಂಕಿಯ ಮಾತೇ ಬೇಡ ಅನ್ನಿಸುತ್ತದೆ. ಆದರೂ ಪಕ್ಕದ ಮನೆಯ ಬಡಗಿಯ ಹೆಂಡತಿಗೆ ಅವಳ ಒಲೆಯ ವಿಷಯ ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು.

ಅವಳು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು. ದಿನವಿಡೀ ಹಾಸಿಗೆ ಬಟ್ಟೆ ಹಿಂಡಿ ಸಂಜೆ ಮನೆ ಸೇರುವಾಗ ಕೈಕಾಲು ಸೋತುಹೋಗಿರುತ್ತವೆ. ಅವರದು ಕಬ್ಬಿಣದ ಸೌದೆ ಒಲೆ. ಅಡುಗೆಗೂ ಅದೇ, ಚಳಿಗೂ ಅದೇ. ಗಂಡ ಕೆಲಸದ ಜಾಗದಿಂದ ಮರ ಹೆರೆದ ಸಿಪ್ಪೆ, ತೆಳು ಹಲಗೆಯ ಚೂರು ಚೀಲಗಟ್ಟಲೆ ತರುತ್ತಾನೆ. ಅವಳು ಅದನ್ನು ಒಂದೇ ಸಲ ಒಲೆ ತುಂಬ ತುರುಕಿ ಕೂತುಬಿಡುತ್ತಿದ್ದಳು. ಒಲೆಯ ಹಿಂದೆ ಹಲಗೆಯ ಗೋಡೆ, ಅದರಾಚೆ ಅವಳ ಅತ್ತೆಯ ಮಂಚ. ಅಜ್ಜಿಗೆ ಸೊಂಟ ಮುರಿದು ಎರಡು ವರ್ಷ. ಯಾರಾದರೂ ಎತ್ತದೆ ಏಳಲಾರರು.

"ಸ್ವಲ್ಪ ಸ್ವಲ್ಪ ಹಾಕಮ್ಮ. ಸಿಪ್ಪೆ ಭಗ್ ಅಂತ ಹತ್ಕೊಳ್ಳತ್ತೆ, ಒಲೆ ತಡೆಯಲ್ಲ," ಎಂದಿದ್ದೆ.

"ಹತ್ತು ಸಲ ಎದ್ದು ಹಾಕೋಕೆ ನನ್ನ ಕೈಲಿ ಆಗಲ್ಲ ಅಕ್ಕಾ. ಅಷ್ಟಕ್ಕೂ ಅದು ಕಬ್ಬಿಣ. ಕರಗೋಕೆ ಬೆಣ್ಣೆನಾ?"

"ಬೂದಿನಾದ್ರೂ ತೆಗಿ. ತುಂಬಿ ತುಂಬಿ, ಒಲೆಗೆ ಗಾಳಿ ಹೋಗೋ ಕೆಳಗಿನ ಗಾಳಿ ಬಾಗಿಲು ಮುಚ್ತಾನೇ ಇಲ್ಲ ನೋಡು."

"ಭಾನುವಾರ ತೆಗೀತೀನಿ ಬಿಡಿ."

ಭಾನುವಾರ ಬಂತು, ಅವಳು ಸತ್ತಂತೆ ನಿದ್ದೆ ಮಾಡಿದಳು. ಬೈಯಲು ನನಗೂ ಮನಸ್ಸಾಗಲಿಲ್ಲ. ನನ್ನ ಮನೆಯ ನೆಲ ಗುಡಿಸಿಯೇ ಮೂರು ದಿನವಾಗಿತ್ತು.

ಮೊನ್ನೆ ಒಂದು ಸಂಜೆ "ಅಕ್ಕಾ!" ಎಂಬ ಕೂಗು ಕೇಳಿ ಓಡಿದೆ. ಒಲೆ ಗುಡುಗುಡು ಎನ್ನುತ್ತಿತ್ತು. ಹೊಗೆ ಕೊಳವೆಯ ಬುಡ ಕೆಂಪಗಾಗಿತ್ತು. ಹಿಂದಿನ ಹಲಗೆಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಅವಳು ಬಕೆಟ್ ನೀರು ಎತ್ತಿ ಒಲೆಗೆ ಸುರಿಯುವುದರಲ್ಲಿದ್ದಳು.

"ನೀರು ಬೇಡ! ಕಾದ ಕಬ್ಬಿಣ ಸೀಳಿಹೋಗತ್ತೆ, ಆವಿ ಮುಖಕ್ಕೇ ಹೊಡಿಯತ್ತೆ!"

ಗಾಳಿ ಬಾಗಿಲನ್ನು ಇಕ್ಕಳದಿಂದ ದೂಡಿದೆ. ಬೂದಿಗೆ ಸಿಕ್ಕಿಕೊಂಡು ಅಲ್ಲಾಡಲಿಲ್ಲ. "ಬಿಡು, ಮೊದ್ಲು ಅಜ್ಜಿನ ಎತ್ತೋಣ," ಎಂದೆ. ಇಬ್ಬರೂ ಅಜ್ಜಿಯನ್ನು ಹೊದಿಕೆ ಸಮೇತ ಹಿಡಿದು ಬೀದಿಗೆ ತಂದು ಮಲಗಿಸಿದೆವು. ಎದುರು ಮನೆಯವರು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದರು. ಹಲಗೆಗೆ ಇನ್ನೂ ಬೆಂಕಿ ಹತ್ತಿರಲಿಲ್ಲ. ಹತ್ತಿದ್ದರೆ ನಾನು ಮತ್ತೆ ಒಳಗೆ ಹೋಗುತ್ತಿರಲಿಲ್ಲ. ಸಲಿಕೆಯಲ್ಲಿ ಬೂದಿ ಗೋರಿ, ಗಾಳಿ ಬಾಗಿಲು ಮುಚ್ಚಿ, ಹೊರಗೆ ಬಂದೆ. ಗಾಳಿಯಿಲ್ಲದೆ ಒಲೆಯ ಸದ್ದು ನಿಧಾನವಾಗಿ ಇಳಿಯಿತು.

ದಳದವರು ಬಂದು ಹಲಗೆ ಕಿತ್ತರು. ಅದರ ಒಲೆ ಕಡೆಯ ಮೈ ಪೂರ್ತಿ ಇದ್ದಿಲಾಗಿತ್ತು. "ಇದು ಇವತ್ತು ಸುಟ್ಟಿದ್ದಲ್ಲ, ಬಹಳ ದಿನದ್ದು," ಎಂದರು. ಅಷ್ಟರಲ್ಲಿ ಬಂದ ಬಡಗಿ ಆ ಹಲಗೆಯನ್ನು ಕೈಯಲ್ಲಿ ಹಿಡಿದು ಇದ್ದಿಲಾದ ಮೈಯನ್ನು ಉಗುರಿನಿಂದ ಕೆರೆದು ನೋಡಿದ.

ಅಜ್ಜಿ ಮಲಗಿದಲ್ಲಿಂದಲೇ ಹೇಳಿದರು: "ನಾಲ್ಕು ದಿನದಿಂದ ಗೋಡೆ ಮುಟ್ಟಿದ್ರೆ ಕೈ ಸುಡ್ತಿತ್ತು ಕಣಮ್ಮ."

"ಅಯ್ಯೋ, ಯಾಕೆ ಹೇಳ್ಲಿಲ್ಲ ಅತ್ತೆ?"

"ನೀನು ಆಗ ತಾನೇ ಬಂದು ಕೂತಿರ್ತಿದ್ದೆ. ಮತ್ತೆ ಏಳಿಸೋಕೆ ಮನಸ್ಸು ಬರ್ಲಿಲ್ಲ."

ಸೊಸೆ ಅಲ್ಲೇ ಬೀದಿಯಲ್ಲಿ ಕುಸಿದು ಕೂತು ಅತ್ತಳು. ಇಷ್ಟು ದಿನ ಆಯಾಸದಲ್ಲಿದ್ದವಳಿಗೇ ಬುದ್ಧಿ ಹೇಳಿದೆನಲ್ಲ, ಅವಳ ಗಂಡನಿಗೆ ಒಂದು ಮಾತೂ ಹೇಳಲಿಲ್ಲವಲ್ಲ ಎಂದು ನನಗೆ ನಾಚಿಕೆಯಾಯಿತು.

ಈಗ ಬೆಳಿಗ್ಗೆ ಆರಿದ ಬೂದಿ ತೆಗೆದು ತಗಡಿನ ಡಬ್ಬಿಗೆ ಹಾಕುವುದು ಬಡಗಿಯ ಕೆಲಸ. ಒಲೆಯನ್ನು ಗೋಡೆಯಿಂದ ಮೂರಡಿ ಈಚೆಗೆ ತಂದಿದ್ದಾನೆ, ಕೊಳವೆಯ ಮಸಿ ಕೆರೆದಿದ್ದಾನೆ. ಸಿಪ್ಪೆ ಹಿಡಿಯಷ್ಟು, ಅದೂ ಬೆಂಕಿ ಹಚ್ಚಲು ಮಾತ್ರ. ಆಮೇಲೆ ದಪ್ಪ ಸೌದೆ ಎರಡೇ ಎರಡು. ಹತ್ತಿಕೊಂಡ ಮೇಲೆ ಗಾಳಿ ಬಾಗಿಲು ಅರ್ಧ ಮುಚ್ಚುತ್ತಾರೆ. "ದಪ್ಪ ಸೌದೆ ನಿಧಾನಕ್ಕೆ ಉರಿಯತ್ತೆ ಅಕ್ಕಾ, ಮೂರು ಸಲ ಎದ್ರೆ ಸಾಕು," ಎಂದಳು. ಅವಳ ಸುಸ್ತು ಹೋಗಿಲ್ಲ. ಯಾರದು ತಾನೇ ಹೋಗಿದೆ?

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಒಲೆಯ ಗಾಳಿ ಬಾಗಿಲು ಪೂರ್ತಿ ಮುಚ್ಚುತ್ತದೆಯೇ ಎಂದು ಇವತ್ತೇ ನೋಡಿ. ಹೊಗೆ ಹೋಗುವ ದಾರಿಯನ್ನು ಮಾತ್ರ ಯಾವತ್ತೂ ಮುಚ್ಚಬೇಡಿ. ಕಬ್ಬಿಣ ಕೆಂಪಾದರೆ ನೀರು ಸುರಿಯಬೇಡಿ. ಗಾಳಿ ತಡೆಯಿರಿ, ಮನೆಯವರನ್ನು ಹೊರಗೆ ಕರೆತನ್ನಿ, ಫೋನ್ ಮಾಡಿ. ಒಲೆಯ ಹಿಂದೆ ಮಲಗುವವರು ಇದ್ದರೆ, ಗೋಡೆ ಬಿಸಿಯಾಗುತ್ತದೆಯೇ ಎಂದು ನೀವೇ ಹೋಗಿ ಕೇಳಿ. ನಿಮ್ಮ ಸುಸ್ತಾದ ಮುಖ ನೋಡಿ ಅವರು ಸುಮ್ಮನಿದ್ದಾರು.