ಮಾಸ್ತಮ್ಮನ ನೋಟದ ಕೋಳಿ

ಕಳ್ಳರನ್ನು ತೋರಿಸಿಕೊಡುವ ನೋಟದ ಕೋಳಿ ಆರಿಸುವುದೆಂದರೆ ಸಂತೆಯಿಂದ ಸಾರು ಮಾಡಲು ಕೋಳಿ ತಂದಷ್ಟು ಸುಲಭವಲ್ಲ. ಮೈ ಕಪ್ಪು, ಕಾಲು ಕಪ್ಪು, ಕೊಕ್ಕೂ ಕಪ್ಪಿರಬೇಕು. ಕಂಚಿನ ತಟ್ಟೆ ಬಡಿದಾಗ ಉಳಿದ ಮರಿಗಳೆಲ್ಲ ತಾಯಿಯ ಹೊಟ್ಟೆಯಡಿ ನುಗ್ಗಿದರೂ ಅದೊಂದು ಮಾತ್ರ ಕತ್ತೆತ್ತಿ ‘ಎಂತ ಅದು’ ಎನ್ನುವ ಹಾಗೆ ನೋಡಬೇಕು. ಮಿರ್ಜಾನದ ಮಾಸ್ತಮ್ಮನಿಗೆ ಇದನ್ನೆಲ್ಲ ಕಲಿಸಿದವಳು ಅವಳ ಅತ್ತೆ. ಅತ್ತೆ ಸತ್ತಳು, ಕೆಲವು ವರ್ಷಕ್ಕೆ ಅತ್ತೆಯ ಕೋಳಿಯೂ ಮುದಿಯಾಗಿ ಸತ್ತಿತು. ಕಳವಾದರೆ ಇನ್ನು ಯಾರನ್ನು ಕೇಳುವುದು ಎಂದು ಊರಿಗೆಲ್ಲ ಚಿಂತೆ. ಮಾಸ್ತಮ್ಮ ಕಂಡಕಂಡ ಕೇರಿ ಸುತ್ತಿ, ಕಡೆಗೆ ಇಡಗುಂಜಿ ಕಡೆಯ ಒಂದು ಮನೆಯಲ್ಲಿ ಅಂಥ ಮರಿಯನ್ನು ಹಿಡಿದಳು. ಕಾಳಿ ಎಂದು ಹೆಸರಿಟ್ಟಳು.

ಆಮೇಲೆ ತರಬೇತಿ. ಸಗಣಿ ಸಾರಿಸಿದ ನೆಲದ ಮೇಲೆ ಅಕ್ಕಿಯ ಗುಪ್ಪೆಗಳನ್ನಿಟ್ಟು ಹಸಿದ ಕಾಳಿಯನ್ನು ಬಿಡುವುದು. ಬೇಕಾದ ಗುಪ್ಪೆಯ ಹತ್ತಿರ ಅದು ಬಂದಾಗ ಕೈಬಳೆಯನ್ನು ಸಣ್ಣಗೆ ಆಡಿಸಿ ಸದ್ದು ಮಾಡುವುದು. ಆಗ ಕುಕ್ಕಿದರೆ ತಿನ್ನಬಹುದು. ಬೇರೆ ಕಡೆ ಬಾಯಿ ಹಾಕಿದರೆ ಬುಟ್ಟಿಯಡಿ ಉಪವಾಸ. ವಿದ್ಯೆ ಎಂದರೆ ಇಷ್ಟೇ, ಉಳಿದದ್ದು ಹೊಗೆ, ಕುಂಕುಮ, ತುಟಿಯೊಳಗಿನ ಮಣಮಣ. ಇದು ಮೋಸ ಎಂದು ಮಾಸ್ತಮ್ಮನಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಕದ್ದವರು ಯಾರೆಂದು ಮುಖ ನೋಡಿದರೇ ಅವಳಿಗೆ ಗೊತ್ತಾಗುತ್ತಿತ್ತಂತೆ! ತಾನು ಬಾಯಿಬಿಟ್ಟು ಹೇಳಿದರೆ ಜಗಳ, ಕೋಳಿ ಹೇಳಿದರೆ ದೇವರ ಮಾತು. ಹಾಗೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹಾಯಾಗಿದ್ದಳು.

ಆ ಚಳಿಗಾಲದಲ್ಲಿ ಮಗಳ ಬಾಣಂತನಕ್ಕೆಂದು ಭಟ್ಕಳಕ್ಕೆ ಹೋಗಬೇಕಾಯಿತು. ಕಾಳಿಯನ್ನು ಬೇಲಿಯಾಚೆಯ ಕಮಲಿಯ ಕೈಗೆ ಕೊಟ್ಟು ಹೋದಳು. ಕಮಲಿ ಗಂಡ ಸತ್ತವಳು, ಅಂಕಿತಾ ಎಂಬ ಸಣ್ಣ ಮಗಳನ್ನು ಕಟ್ಟಿಕೊಂಡು ಕೂಲಿನಾಲಿ ಮಾಡಿ ಬದುಕುವವಳು. ಹೊಳೆಯ ಉಪ್ಪುನೀರು ಹತ್ತುವ ಗಜನಿಯಲ್ಲಿ ಅವಳಿಗೊಂದು ತುಂಡು ಗದ್ದೆಯಿತ್ತು. ಕೇರಿಯ ಉಳಿದವರೆಲ್ಲ ತಮ್ಮ ಗಜನಿಯನ್ನು ಸಿಗಡಿ ಸಾಕುವವರಿಗೆ ಬಿಟ್ಟುಕೊಟ್ಟು ಅಂಗಡಿಯ ಬಿಳಿ ಅಕ್ಕಿ ಉಣ್ಣುತ್ತಿದ್ದರೆ, ಅವಳೊಬ್ಬಳು ಇನ್ನೂ ಕಗ್ಗ ಭತ್ತ ಬೆಳೆದು ಅದರ ಕೆಂಪಕ್ಕಿಯನ್ನೇ ಉಣ್ಣುತ್ತಿದ್ದಳು. ಮಾಸ್ತಮ್ಮ ತಿರುಗಿ ಬರುವಷ್ಟರಲ್ಲಿ ಕಾಳಿ ಮೈ ತುಂಬಿಕೊಂಡಿತ್ತು. “ನಮ್ಮನೆ ನುಚ್ಚೇ ಹಾಕ್ದೆ ಅತ್ತೆ, ಪಾಪ, ಭಾಳ ಹಸ್ದಿತ್ತು,” ಎಂದಳು ಕಮಲಿ. ಮಾಸ್ತಮ್ಮ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ.

ಬೇಸಿಗೆಯಲ್ಲಿ ಅದೇ ಕೇರಿಯ ನಿತ್ಯಾನಂದನ ಮನೆಯಲ್ಲಿ ಹಲಸಿನ ಹಪ್ಪಳ ಹಚ್ಚಲು ಹೆಂಗಸರು ಸೇರಿದ್ದರು. ಕಮಲಿಯೂ ಇದ್ದಳು. ಸಂಜೆ ನೋಡಿದರೆ ಅವನ ಹೆಂಡತಿ ಮಾಲಿನಿ ಬಿಚ್ಚಿಟ್ಟಿದ್ದ ಬೆಂಡೋಲೆಯಲ್ಲಿ ಒಂದು ಇಲ್ಲ. ಅತ್ತು ಕರೆದು ಆದ ಮೇಲೆ ನೋಟವೇ ಆಗಲಿ ಎಂದರು. ಹಪ್ಪಳಕ್ಕೆ ಬಂದವರೆಲ್ಲ ತಮ್ಮ ತಮ್ಮ ಮನೆಯಿಂದ ಒಂದು ಮುಷ್ಟಿ ಅಕ್ಕಿ ತಂದು ಅಂಗಳದಲ್ಲಿ ಗುಪ್ಪೆ ಹಾಕಬೇಕು, ನಡುವೆ ದೇವರದೊಂದು ಗುಪ್ಪೆ. ಕೋಳಿ ಯಾರ ಅಕ್ಕಿ ತಿನ್ನುತ್ತದೋ ಅವರೇ ಕಳ್ಳರು. ದೇವರ ಅಕ್ಕಿ ತಿಂದರೆ ಕಳವೇ ಆಗಿಲ್ಲ, ಒಡವೆ ಮನೆಯಲ್ಲೇ ಬಿದ್ದಿದೆ ಎಂದರ್ಥ. ಮಾಸ್ತಮ್ಮ ಎಲ್ಲರ ಮುಖ ನೋಡಿದಳು. ಯಾರಲ್ಲೂ ಕಳ್ಳತನ ಕಾಣಲಿಲ್ಲ. ದೇವರ ಗುಪ್ಪೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ ಕಾಳಿಯನ್ನು ಬಿಟ್ಟಳು.

ಬಿಳಿ ಗುಪ್ಪೆಗಳ ನಡುವೆ ಕೆಂಪು ಗುಪ್ಪೆ ಒಂದೇ. ಕಾಳಿ ಅತ್ತಿತ್ತ ನೋಡದೆ ನೆಟ್ಟಗೆ ಅಲ್ಲಿಗೇ ಓಡಿತು. ಮಾಸ್ತಮ್ಮ ದೇವರ ಗುಪ್ಪೆಯ ಬಳಿ ಬಳೆ ಆಡಿಸಿದಳು, ಮತ್ತೆ ಆಡಿಸಿದಳು. ಉಹೂಂ. ತನ್ನನ್ನು ಹೊಟ್ಟೆ ತುಂಬ ಸಾಕಿದ ಮನೆಯ ಅಕ್ಕಿಯನ್ನು ಕಾಳಿ ಒಂದು ಕಾಳೂ ಬಿಡದಂತೆ ಕುಕ್ಕಿ ತಿಂದಿತು.

ಮಾಸ್ತಮ್ಮನಿಗೆ ಆ ಕ್ಷಣದಲ್ಲೇ ಎಲ್ಲವೂ ತಿಳಿಯಿತು. ‘ಅದು ಕಮಲಿ ಹಾಕಿದ ನುಚ್ಚಿನ ರುಚಿಗೆ ಹೋಯಿತು’ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆ ಹೇಳಿದರೆ ಇಷ್ಟು ವರ್ಷದ ನೋಟಗಳ ಗತಿ? ಅತ್ತೆಯ ಹೆಸರು? ತನ್ನನ್ನು ಕಂಡರೆ ಬಾಗುವ ತಲೆಗಳು? ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು.

“ಕೋಳಿ ಹೇಳಾತು. ನಾ ಎಂತ ಹೇಳೂದು?” ಎಂದಳು ಮಾಸ್ತಮ್ಮ.

ಜೂನಿನಲ್ಲಿ ಶಾಲೆ ಶುರುವಾದರೆ ಬಿಸಿಯೂಟದ ಅಡುಗೆಗೆ ಕಮಲಿಯೇ ಎಂದು ಊರಲ್ಲಿ ಮಾತಾಗಿತ್ತು. ಕೈ ಸರಿ ಇಲ್ಲದವಳಿಗೆ ಮಕ್ಕಳ ಅಕ್ಕಿಬೇಳೆ ಒಪ್ಪಿಸುವುದುಂಟೇ? ಬೇರೆಯವಳನ್ನು ಇಟ್ಟುಕೊಂಡರು. ಮಳೆ ಹಿಡಿದ ಮೇಲೆ ಮಾಲಿನಿ ಹಪ್ಪಳದ ಡಬ್ಬಿ ಬಗ್ಗಿಸಿದರೆ ತಳದಲ್ಲಿ ಬೆಂಡೋಲೆ! ಇನ್ನಾದರೂ ಕಮಲಿಯ ಹೆಸರಿಗೆ ಹತ್ತಿದ ಕಳಂಕ ತೊಳೆದುಹೋಯಿತು ಎಂದುಕೊಳ್ಳಬೇಕು. ಎಲ್ಲಿ! ನೋಟಕ್ಕೆ ಹೆದರಿ ಅವಳೇ ತಂದು ಹಾಕಿದ್ದಾಳೆ ಎಂದರು ಜನ. ಕಾಳಿಯ ಕೀರ್ತಿ ಹೊನ್ನಾವರದವರೆಗೂ ಹಬ್ಬಿತು. ಬಂದವರು ತಂದ ತೆಂಗಿನಕಾಯಿ ಜಗಲಿಯಲ್ಲಿ ರಾಶಿ ಬಿತ್ತು. ಮಾಸ್ತಮ್ಮ ಮಾತ್ರ ಬಾವಿಕಟ್ಟೆಯಲ್ಲಿ ಕಮಲಿಯನ್ನು ಕಂಡರೆ ಖಾಲಿ ಕೊಡ ಹೊತ್ತು ಹಿಂದಿರುಗುತ್ತಿದ್ದಳು. ನಾಚಿಕೆ ಎಂಬುದು ಹೊಟ್ಟೆನೋವಿನ ಹಾಗೆ ಮೈಯೊಳಗೇ ಇರುತ್ತದೆ ಎಂದು ಅವಳಿಗೆ ಆ ವಯಸ್ಸಿನಲ್ಲಿ ಗೊತ್ತಾಯಿತು.

ತಡೆಯಲಾರದೆ ಒಂದು ಬೆಳಿಗ್ಗೆ ಬೇಲಿ ದಾಟಿ ಹೋದಳು. ಕಮಲಿ ಮಗಳ ತಲೆ ಬಾಚುತ್ತಿದ್ದಳು. ಮಾಸ್ತಮ್ಮ ಕೂರಲೂ ಇಲ್ಲ. ಬಳೆಯ ಗುಟ್ಟು, ಬುಟ್ಟಿಯ ಉಪವಾಸ, ಕೆಂಪಕ್ಕಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. “ನೀ ಕದ್ದವ್ಳಲ್ಲ ಕಮಲಿ. ಕಳ್ಳಿ ನಾನು,” ಎಂದಳು.

ಕಮಲಿ ಬಾಚಣಿಗೆ ಕೆಳಗಿಟ್ಟಳು. ಅವಳ ಕಣ್ಣು ತುಂಬಿತ್ತು, ಸಿಟ್ಟಿನಿಂದಲ್ಲ.

“ನನ್ ಮೇಲಿನ ಕನಿಕರಕ್ಕೆ ನಿಮ್ ವಿದ್ಯೆನೇ ಸುಳ್ಳು ಅನ್ಬೇಡಿ ಅತ್ತೆ. ಅಂಥಾ ಕೋಳಿ ಸುಳ್ಳು ಹೇಳ್ತದಾ? ಎಂತ ಗ್ರಾಚಾರವೋ ಎಂತೋ, ನಂಗೆ ಗೊತ್ತಿಲ್ದೇ ನನ್ ಕೈಯೇ ತೆಗ್ದಿರ್ಬೇಕು. ದಿನಾ ಅದೇ ಯೋಚ್ನೆ ಮಾಡ್ತೆ. ನಂದು ಆತು, ಹೋಗ್ಲಿ. ಈ ಕೂಸಿಗೆ ಆ ಕೈ ಬರ್ದೇ ಇದ್ದ ಹಾಂಗೆ ಒಂದು ಮಂತ್ರ ಹಾಕಿ.”

ಅಂಕಿತಾಳನ್ನು ಮುಂದಕ್ಕೆ ತಳ್ಳಿದಳು. ಮಾಸ್ತಮ್ಮ ಇನ್ನೊಮ್ಮೆ ಹೇಳಬಹುದಿತ್ತು. ಕೇರಿಯ ನಡುವೆ ನಿಂತು ಕೂಗಿಯೇ ಹೇಳಬಹುದಿತ್ತು. ಆದರೆ ಕಮಲಿ ನಂಬಲಿಲ್ಲವಲ್ಲ ಎಂದು ಅವಳ ಎದೆ ಒಂದು ಗಳಿಗೆ ಹಗುರಾಗಿಬಿಟ್ಟಿತು. ಹಗುರಾದದ್ದು ತಿಳಿದು, ಹಿಂದೆಂದೂ ಆಗದಷ್ಟು ನಾಚಿಕೆಯಾಯಿತು.

ಹಾಗಿದ್ದೂ ಮಗುವಿನ ನೆತ್ತಿಯ ಮೇಲೆ ಕೈಯಿಟ್ಟು ಮಣಮಣ ಹೇಳಿದಳು. ಕಮಲಿ ಬಗ್ಗಿ ಅವಳ ಕಾಲು ಮುಟ್ಟಿದಳು. ಮಾಸ್ತಮ್ಮ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.